ತಾಯಿನಾಯಿಯ ಆರೈಕೆ: ಚಿನ್ನದ ನಾಡಿನಿಂದ ಒಂದು ಚರಿತ್ರೆ

ಚರಿತ್ರೆ ಎಂದ ಕೂಡಲೇ ನಿಮ್ಮ ಕಣ್ಣ ಮುಂದೆ ಬರುವುದು ರಾಜರು, ಯುದ್ಧಗಳು ಮತ್ತು ಇಸವಿಗಳು. ಕೋಲಾರದ ಚಿನ್ನದ ಗಣಿಯ ಚರಿತ್ರೆ ಎಂದರೆ ಆಳವಾದ ಶಾಫ್ಟುಗಳು, ಬ್ರಿಟಿಷ್ ಕಂಪನಿ, ಔನ್ಸುಗಳ ಲೆಕ್ಕ. ಆದರೆ ಹಿತ್ತಲಿನ ಮೂಲೆಯಲ್ಲಿ ಗೋಣಿಚೀಲದ ಮೇಲೆ ಮಲಗಿ ಮರಿ ಹಾಕುವ ನಾಯಿಗೂ ಒಂದು ಚರಿತ್ರೆ ಇದೆ. ಆ ನಾಯಿಯನ್ನು ನೋಡಿಕೊಳ್ಳುವ ತಿಳಿವಳಿಕೆ ಎಲ್ಲಿಂದ ಬಂತು, ಯಾರ ಕೈಯಲ್ಲಿ ಉಳಿಯಿತು, ಯಾವಾಗ ವಿಜ್ಞಾನವಾಯಿತು ಎಂದು ಕೇಳುತ್ತಾ ಹೋದರೆ ಕೋಲಾರದ ಗಂಗರ ಶಾಸನದಿಂದ ಹಿಡಿದು ಕೂನೂರಿನ ಲಸಿಕೆಯ ತನಕ ಒಂದು ದಾರಿ ತೆರೆದುಕೊಳ್ಳುತ್ತದೆ. ಈ ಲೇಖನದಲ್ಲಿ ನಾವು ಆ ದಾರಿಯಲ್ಲಿ ನಡೆಯೋಣ.

ಕಲ್ಲಿನಲ್ಲಿ ಉಳಿದ ನಾಯಿಗಳು

ನಾಯಿಗೆ ಕಲ್ಲು ನಿಲ್ಲಿಸಿದ ನಾಡು ನಮ್ಮದು. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ವೀರಗಲ್ಲು ಕ್ರಿ.ಶ. 949–50ರ ಕಾಲದ್ದು. ತಕ್ಕೋಲದ ಯುದ್ಧದಲ್ಲಿ ಶೌರ್ಯ ತೋರಿದ ಮಣಲೆರನೆಂಬ ವೀರನಿಗೆ ಏನು ಬೇಕೆಂದು ಒಡೆಯರು ಕೇಳಿದಾಗ ಅವನು ಬೇಡಿದ್ದು ಕಾಳಿ ಎಂಬ ನಾಯಿಯನ್ನು. ಮುಂದೆ ಆ ನಾಯಿ ಒಂದು ದೊಡ್ಡ ಕಾಡುಹಂದಿಯೊಡನೆ ಹೋರಾಡಿತು. ಹಂದಿ, ನಾಯಿ ಎರಡೂ ಸತ್ತವು. ಆ ನೆನಪಿಗೆ ಕಲ್ಲು ನಿಲ್ಲಿಸಿ, ಭೂಮಿಯನ್ನು ದತ್ತಿ ಬಿಟ್ಟು, ಕಲ್ಲನ್ನು ಪೂಜಿಸದೆ ಅಲ್ಲಿನ ಗೊರವನು ಉಣ್ಣಬಾರದೆಂದು ಬರೆಸಿದರು.

ಈ ಶಾಸನದ ಗಂಗರಿಗೂ ಕೋಲಾರಕ್ಕೂ ಹತ್ತಿರದ ನಂಟು. ಕುವಲಾಲವೆಂದು ಆಗ ಹೆಸರಿದ್ದ ಕೋಲಾರವೇ ಗಂಗರ ಮೊದಲ ರಾಜಧಾನಿ. ಇದೇ ಜಿಲ್ಲೆಯ ಮುಳಬಾಗಿಲು ತಾಲ್ಲೂಕಿನ ಮೇಲಾಗಣಿಯಲ್ಲಿಯೂ ಬೇಟೆನಾಯಿಗಳ ನೆನಪಿನ ಕಲ್ಲೊಂದಿದೆ. ಲೋಗ, ಧಳಗ ಎಂಬ ನಾಯಿಗಳ ಹೆಸರು ಅದರಲ್ಲಿವೆ. ಬಿ. ಎಲ್. ರೈಸ್ ಅವರು 1905ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕಾ ಹತ್ತನೆಯ ಸಂಪುಟ ಕೋಲಾರ ಜಿಲ್ಲೆಯ ಶಾಸನಗಳಿಗೇ ಮೀಸಲಾದದ್ದು.

ಈ ಕಲ್ಲುಗಳನ್ನು ಓದುವಾಗ ನೀವು ಒಂದು ಅಂಶವನ್ನು ಗಮನಿಸಬೇಕು. ಅವು ನಾಯಿಯ ಬೇಟೆಯನ್ನು ಹೇಳುತ್ತವೆ, ಸಾವನ್ನು ಹೇಳುತ್ತವೆ. ಆ ನಾಯಿಯನ್ನು ಹೆತ್ತ ನಾಯಿ, ಅದರ ಮರಿಗಳನ್ನು ಚಳಿಯಿಂದ ಕಾಪಾಡಿದ ಮನೆಯವರು ಅಲ್ಲಿ ಕಾಣುವುದಿಲ್ಲ. ಹಾಗೆ ನೋಡಿದರೆ ತಾಯಿನಾಯಿಗೆ ಬಾಯಿ ಕೊಟ್ಟದ್ದು ಮಹಾಭಾರತದ ಆದಿಪರ್ವ. ಜನಮೇಜಯನ ತಮ್ಮಂದಿರು ಯಜ್ಞಭೂಮಿಗೆ ಬಂದ ನಾಯಿಮರಿಯನ್ನು ಹೊಡೆದು ಓಡಿಸುತ್ತಾರೆ. ಆಗ ಅದರ ತಾಯಿ ಸರಮೆ ಯಜ್ಞಶಾಲೆಗೇ ಬಂದು, ತಪ್ಪು ಮಾಡದ ಮರಿಯನ್ನು ಏಕೆ ಹೊಡೆದಿರಿ ಎಂದು ಕೇಳುತ್ತಾಳೆ. ಅವರು ಉತ್ತರ ಕೊಡುವುದಿಲ್ಲ. ಸರಮೆ ಶಪಿಸುತ್ತಾಳೆ, ರಾಜನಿಗೆ ಭಯ ಹುಟ್ಟುತ್ತದೆ. ಮರಿಯ ಹೊಣೆ ಯಾರದು ಎಂಬ ಈ ಪ್ರಶ್ನೆಯನ್ನು ನೆನಪಿನಲ್ಲಿಡಿ. ನಮ್ಮ ವಿಷಯದ ತಿರುಳು ಅದೇ.

ಬಂಗಲೆ ಮತ್ತು ಲೈನು

ಈಗ ಹತ್ತೊಂಬತ್ತನೆಯ ಶತಮಾನಕ್ಕೆ ಬರೋಣ. ಮೈಕೇಲ್ ಲವೆಲ್ ಎಂಬ ನಿವೃತ್ತ ಸೈನಿಕ 1870ರ ದಶಕದಲ್ಲಿ ಮೈಸೂರು ಸರ್ಕಾರದಿಂದ ಗಣಿ ತೋಡುವ ಪರವಾನಗಿ ಪಡೆದ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಕೆಲಸ ಕೈಗೆತ್ತಿಕೊಂಡಿತು. ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೌರಿಂಗ್ ಹೆಸರಿನ ಬೌರಿಂಗ್‌ಪೇಟೆ, ಅಂದರೆ ಇಂದಿನ ಬಂಗಾರಪೇಟೆ, ಗಣಿಯ ಹೆಬ್ಬಾಗಿಲಾಯಿತು. ಅಲ್ಲಿಂದ ಗಣಿಗೆ ಕವಲು ರೈಲುಮಾರ್ಗ 1894ರಲ್ಲಿ ಬಂತು.

ಊರು ಎರಡಾಗಿ ಬೆಳೆಯಿತು. ಒಂದು ಕಡೆ ಹುಲ್ಲುಹಾಸಿನ ಬಂಗಲೆಗಳು, ಕ್ಲಬ್ಬು. ಇದನ್ನೇ ಜನ ‘ಲಿಟಲ್ ಇಂಗ್ಲೆಂಡ್’ ಎಂದರು. ಇನ್ನೊಂದು ಕಡೆ ಉತ್ತರ ಆರ್ಕಾಟ್, ಸೇಲಂ, ಚಿತ್ತೂರು ಕಡೆಗಳಿಂದ ಬಂದ ಕಾರ್ಮಿಕರು ಬದುಕಿದ ಸಾಲುಮನೆಗಳು, ಅಂದರೆ ಲೈನುಗಳು. ಮೊದಲ ದಿನಗಳಲ್ಲಿ ಇವು ಬಿದಿರು ತಟ್ಟಿಯ ಗುಡಿಸಲುಗಳು.

ನಾಯಿಯ ಬದುಕೂ ಹೀಗೆಯೇ ಎರಡಾಯಿತು. ಭಾರತದ ಬ್ರಿಟಿಷ್ ಬಂಗಲೆಗಳಲ್ಲಿ ನಾಯಿ ಸಾಕುವುದು ಬಹು ಸಾಮಾನ್ಯವಾಗಿತ್ತು. 1888ರಲ್ಲಿ ಸ್ಟೀಲ್ ಮತ್ತು ಗಾರ್ಡಿನರ್ ಎಂಬ ಇಬ್ಬರು ಮಹಿಳೆಯರು ಬರೆದು ಪ್ರಕಟಿಸಿದ ಗೃಹಕೃತ್ಯದ ಪ್ರಸಿದ್ಧ ಕೈಪಿಡಿಯಲ್ಲಿ ಅಡುಗೆ, ಹಸು, ಕೋಳಿಗಳ ಜೊತೆಗೆ ನಾಯಿಗಳ ವಿಚಾರಕ್ಕೂ ಸ್ಥಳವಿತ್ತು. ಆದರೆ ನಾಯಿಗೆ ಅನ್ನ ಹಾಕಿ, ಮೈ ತೊಳೆದು, ಮರಿ ಹಾಕುವಾಗ ರಾತ್ರಿ ಎದ್ದು ಕೂರುತ್ತಿದ್ದವನು ‘ಡಾಗ್ ಬಾಯ್’ ಎನಿಸಿಕೊಂಡ ಭಾರತೀಯ ಆಳು. ಪುಸ್ತಕದಲ್ಲಿ ದೊರೆಸಾನಿಯ ಸಲಹೆ ಉಳಿಯಿತು, ಆಳಿನ ಅನುಭವ ಉಳಿಯಲಿಲ್ಲ. ಇನ್ನು ಲೈನುಗಳ ಜನ ತಮಗೇ ಇಕ್ಕಟ್ಟಾದ ಜಾಗದಲ್ಲಿ ಮುದ್ದೆಯ ತುಣುಕು ಹಾಕಿ ಸಾಕಿದ ನಾಯಿಗಳ ಬಗ್ಗೆ ಬರೆದವರೇ ಇಲ್ಲ. ಯಾರ ಅನುಭವ ಅಕ್ಷರಕ್ಕೆ ಬರುತ್ತದೆ, ಯಾರದು ಬರುವುದಿಲ್ಲ ಎಂಬುದು ಚರಿತ್ರೆಯ ವಿದ್ಯಾರ್ಥಿ ಸದಾ ಕೇಳಬೇಕಾದ ಪ್ರಶ್ನೆ.

ಸರ್ಕಾರದ ಪಶುವೈದ್ಯವೂ ನಾಯಿಗಾಗಿ ಹುಟ್ಟಿದ್ದಲ್ಲ. ಸೇನೆಯ ಕುದುರೆ, ರೈತನ ಎತ್ತು, ಹಸುಗಳ ರೋಗಗಳೇ ಅದರ ಮೊದಲ ಚಿಂತೆ. 1889ರಲ್ಲಿ ಪುಣೆಯಲ್ಲಿ ಆರಂಭವಾಗಿ ಮುಂದೆ ಮುಕ್ತೇಶ್ವರಕ್ಕೆ ಹೋದ ಇಂಪೀರಿಯಲ್ ಬ್ಯಾಕ್ಟೀರಿಯಾಲಾಜಿಕಲ್ ಲ್ಯಾಬೊರೇಟರಿಯ ಉದ್ದೇಶವೂ ಅದೇ. ಬೆಂಗಳೂರಿನ ಹೆಬ್ಬಾಳದಲ್ಲಿ ಪಶುವೈದ್ಯ ಕಾಲೇಜು ಬಂದದ್ದು 1958ರಲ್ಲಿ. ಇಂದಿಗೂ ನಮ್ಮ ಹಳ್ಳಿಗಳಲ್ಲಿ ಪಶು ಆಸ್ಪತ್ರೆಗೆ ‘ದನದ ಆಸ್ಪತ್ರೆ’ ಎಂದೇ ಹೆಸರು. ಆ ಹೆಸರೇ ಒಂದು ಚಾರಿತ್ರಿಕ ಸಾಕ್ಷಿ.

ಬಂಗಾರಪೇಟೆಯಿಂದ ಕೂನೂರಿಗೆ

ಹಾಗಾದರೆ ಆಡಳಿತ ನಾಯಿಯ ಕಡೆ ಕಣ್ಣು ಹಾಯಿಸಿದ್ದು ಯಾವಾಗ? ಅದು ಕಚ್ಚಿದಾಗ. ರೇಬಿಸ್ ಕಾಣಿಸಿಕೊಂಡ ಮೇಲೆ ಮನುಷ್ಯ ಬದುಕುವುದು ಇಲ್ಲವೆಂಬಷ್ಟು ಅಪರೂಪ. ಲೂಯಿ ಪಾಶ್ಚರ್ 1885ರಲ್ಲಿ ಜೋಸೆಫ್ ಮೈಸ್ಟರ್ ಎಂಬ ಬಾಲಕನಿಗೆ ಲಸಿಕೆ ಕೊಟ್ಟು, ಕಚ್ಚಿದ ನಂತರವೂ ರೋಗವನ್ನು ತಡೆಯಬಹುದೆಂದು ತೋರಿಸಿದರು. ಭಾರತದಲ್ಲಿ ಮೊದಲ ಪಾಶ್ಚರ್ ಸಂಸ್ಥೆ 1900ರಲ್ಲಿ ಹಿಮಾಲಯದ ಕಸೌಲಿಯಲ್ಲಿ ಆರಂಭವಾಯಿತು. ದಕ್ಷಿಣದವರಿಗೆ ಅದು ದೇಶದ ಇನ್ನೊಂದು ತುದಿ. 1907ರಲ್ಲಿ ನೀಲಗಿರಿಯ ಕೂನೂರಿನಲ್ಲಿ ದಕ್ಷಿಣ ಭಾರತದ ಪಾಶ್ಚರ್ ಸಂಸ್ಥೆ ತೆರೆಯಿತು.

ಒಮ್ಮೆ ಭೂಪಟ ತೆಗೆದು ನೋಡಿ. ಬಂಗಾರಪೇಟೆಯಿಂದ ಜೋಲಾರ್‌ಪೇಟೆ, ಅಲ್ಲಿಂದ ಈರೋಡು, ಮೆಟ್ಟುಪಾಳ್ಯಂ, ಮತ್ತೆ ಬೆಟ್ಟದ ರೈಲಿನಲ್ಲಿ ಕೂನೂರು. ದಿನಗೂಲಿಯ ಕಾರ್ಮಿಕನಿಗೆ ಇಂಥ ಪ್ರಯಾಣ, ಅಲ್ಲಿ ದಿನಗಟ್ಟಲೆ ತಂಗಿ ಪಡೆಯುವ ಚಿಕಿತ್ಸೆ ಎಷ್ಟು ಭಾರವಾಗಿದ್ದಿರಬೇಕು! 1911ರಲ್ಲಿ ಕಸೌಲಿಯಲ್ಲಿ ಡೇವಿಡ್ ಸೆಂಪಲ್ ಕುರಿಯ ಮೆದುಳಿನಿಂದ ತಯಾರಿಸುವ ಲಸಿಕೆಯನ್ನು ರೂಪಿಸಿದ ಮೇಲೆ ಚಿಕಿತ್ಸೆ ಊರಿನ ಆಸ್ಪತ್ರೆಗಳಿಗೂ ಬರುವಂತಾಯಿತು. ನಿಮ್ಮ ಅಜ್ಜ ಅಜ್ಜಿಯರು ಹೇಳುವ ‘ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್’ ಇದೇ. ಇದರಿಂದ ಕೆಲವರಿಗೆ ನರಗಳ ತೊಂದರೆಯೂ ಆಗುತ್ತಿತ್ತು. 2004ರ ಕೊನೆಯ ವೇಳೆಗೆ ಭಾರತದಲ್ಲಿ ಇದರ ತಯಾರಿಕೆ ನಿಂತಿತು. ಈಗ ಕೊಡುವುದು ಜೀವಕೋಶಗಳಲ್ಲಿ ಬೆಳೆಸಿದ, ಹೆಚ್ಚು ಸುರಕ್ಷಿತವಾದ ಲಸಿಕೆ, ಅದೂ ತೋಳಿಗೆ.

ಬಾಣಂತಿ ನಾಯಿಯ ವಿಷಯದಲ್ಲಿ ಇದನ್ನೆಲ್ಲ ಹೇಳಲು ಕಾರಣವಿದೆ. ಮರಿ ಹಾಕಿದ ನಾಯಿಯ ಬಳಿಗೆ ಮೊದಲು ಓಡುವವರು ಮಕ್ಕಳು. ತಾಯಿ ಸೌಮ್ಯವಾಗಿದ್ದರೂ ಮರಿಗೆ ಕೈ ಹಾಕಿದರೆ ಕಚ್ಚಬಹುದು. ಮರಿಯ ಚಿಕ್ಕ ಹಲ್ಲು ತಾಗಿದರೆ ಅದನ್ನು ಗಾಯವೆಂದೇ ಯಾರೂ ಎಣಿಸುವುದಿಲ್ಲ. ಮರಿಯಿಂದಲೂ ರೇಬಿಸ್ ಬರುತ್ತದೆ. ಆದ್ದರಿಂದ ಗಬ್ಬದ ನಾಯಿಯ ಆರೈಕೆ ಆರಂಭವಾಗಬೇಕಾದದ್ದು ಗಬ್ಬ ನಿಲ್ಲುವುದಕ್ಕೂ ಮೊದಲು, ಲಸಿಕೆಯಿಂದ. ಲಸಿಕೆ ಪಡೆದ ತಾಯಿಯ ರಕ್ಷಣೆ ಗಿಣ್ಣುಹಾಲಿನ ಮೂಲಕ ಮರಿಗೂ ಕೆಲವು ವಾರಗಳ ಕಾಲ ದೊರೆಯುತ್ತದೆ. ಈ ಹಾಲನ್ನು ಹುಟ್ಟಿದ ಮೊದಲ ಕೆಲವು ಗಂಟೆಗಳಲ್ಲೇ ಕುಡಿಯಬೇಕು. ದಿನ ಕಳೆದರೆ ಮರಿಯ ಕರುಳು ಆ ರಕ್ಷಕ ವಸ್ತುಗಳನ್ನು ಹೀರಿಕೊಳ್ಳಲಾರದು.

ಅರವತ್ತಮೂರು ದಿನಗಳ ಲೆಕ್ಕ

ನಾಯಿಯ ಗರ್ಭಕಾಲ ಸುಮಾರು 63 ದಿನ. ಕೂಡಿದ ದಿನದಿಂದ ಎಣಿಸಿದರೆ 58ರಿಂದ 68 ದಿನಗಳವರೆಗೂ ಆಗಬಹುದು. ಇದನ್ನು ಬರೆದಿಟ್ಟವರು ಹಳಬರೇ. ಎರಡು ಸಾವಿರದ ಮುನ್ನೂರು ವರ್ಷಗಳ ಹಿಂದೆ ಗ್ರೀಸಿನ ಅರಿಸ್ಟಾಟಲ್, ಲಕೋನಿಯಾ ಸೀಮೆಯ ಬೇಟೆನಾಯಿ ವರ್ಷದ ಆರನೆಯ ಒಂದು ಭಾಗ, ಅಂದರೆ ಅರವತ್ತು ದಿನ ಗರ್ಭ ಧರಿಸುತ್ತದೆ, ಮರಿಗಳು ಹನ್ನೆರಡು ದಿನ ಕಣ್ಣು ಬಿಡುವುದಿಲ್ಲ ಎಂದು ದಾಖಲಿಸಿದ್ದಾನೆ. ಯಾವ ಉಪಕರಣವೂ ಇಲ್ಲದೆ, ಬರೀ ಕಣ್ಣು ಮತ್ತು ತಾಳ್ಮೆಯಿಂದ ಬಂದ ಲೆಕ್ಕ ಇದು.

ಉಪಕರಣಗಳು ಬಂದ ಮೇಲೆ ಲೆಕ್ಕ ಇನ್ನೂ ನಿಖರವಾಯಿತು. ಸುಮಾರು ಒಂದು ಅಡಿ ಉದ್ದವಿದ್ದ ಜ್ವರಮಾಪಕವನ್ನು 1860ರ ದಶಕದಲ್ಲಿ ಇಂಗ್ಲೆಂಡಿನ ವೈದ್ಯ ಕ್ಲಿಫರ್ಡ್ ಆಲ್‌ಬಟ್ ಆರು ಇಂಚಿಗೆ ಇಳಿಸಿದರು. ಇಂದು ಅಂಥದೇ ಪುಟ್ಟ ಥರ್ಮಾಮೀಟರ್ ಮನೆಯಲ್ಲಿದ್ದರೆ ನಾಯಿ ಯಾವಾಗ ಮರಿ ಹಾಕುತ್ತದೆಂದು ನೀವೇ ಊಹಿಸಬಹುದು. ನಾಯಿಯ ಸಹಜ ಉಷ್ಣತೆ ಸುಮಾರು 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಗರ್ಭವನ್ನು ಕಾಯ್ದುಕೊಳ್ಳುವ ಪ್ರೊಜೆಸ್ಟರಾನ್ ಹಾರ್ಮೋನು ಕೊನೆಯಲ್ಲಿ ಥಟ್ಟನೆ ಕುಸಿದಾಗ ಉಷ್ಣತೆಯೂ 99 ಡಿಗ್ರಿಗಿಂತ ಕೆಳಗೆ ಇಳಿಯುತ್ತದೆ. ಅಲ್ಲಿಂದ ಸಾಮಾನ್ಯವಾಗಿ 24 ಗಂಟೆಯೊಳಗೆ ಹೆರಿಗೆ. ಕೊನೆಯ ವಾರ ದಿನಕ್ಕೆರಡು ಬಾರಿ ಗುದದ್ವಾರದಲ್ಲಿ ಉಷ್ಣತೆ ನೋಡಿ ಬರೆದಿಟ್ಟರೆ ಈ ಇಳಿತ ಕಣ್ಣಿಗೆ ಬೀಳುತ್ತದೆ. ಈ ಥರ್ಮಾಮೀಟರನ್ನು ನಾಯಿಗೆಂದೇ ಬೇರೆಯಾಗಿಡಬೇಕು.

1895ರಲ್ಲಿ ರಾಂಟ್ಜೆನ್ ಕಂಡುಹಿಡಿದ ಎಕ್ಸ್‌ರೇಗೂ ಇಲ್ಲಿ ಕೆಲಸವಿದೆ. ಮರಿಗಳ ಎಲುಬಿನಲ್ಲಿ ಸುಣ್ಣ ಸೇರುವುದು ಸುಮಾರು 45 ದಿನಗಳ ನಂತರ. ಆದ್ದರಿಂದ 50–55 ದಿನ ಕಳೆದ ಮೇಲೆ ಎಕ್ಸ್‌ರೇ ತೆಗೆದರೆ ಮರಿಗಳ ಸಂಖ್ಯೆ ತಿಳಿಯುತ್ತದೆ. ಎಷ್ಟು ಮರಿ ಎಂದು ಮೊದಲೇ ಗೊತ್ತಿದ್ದರೆ, ಹೆರಿಗೆ ಮುಗಿಯಿತೋ ಒಳಗೆ ಇನ್ನೊಂದು ಸಿಕ್ಕಿಕೊಂಡಿದೆಯೋ ಎಂಬ ಗೊಂದಲ ಇರುವುದಿಲ್ಲ.

ಮನೆಯಲ್ಲಿ ಮಾಡಬೇಕಾದದ್ದು

ಮೊದಲ ಐದು ವಾರ ಊಟವನ್ನು ಹೆಚ್ಚಿಸುವ ಅಗತ್ಯವಿಲ್ಲ. ಕೊನೆಯ ಮೂರು ನಾಲ್ಕು ವಾರ ಮರಿಗಳು ವೇಗವಾಗಿ ಬೆಳೆಯುತ್ತವೆ. ಆಗ ಕಾಲು ಭಾಗದಿಂದ ಅರ್ಧದಷ್ಟು ಹೆಚ್ಚು ಆಹಾರವನ್ನು ಸ್ವಲ್ಪ ಸ್ವಲ್ಪವಾಗಿ ಮೂರು ನಾಲ್ಕು ಬಾರಿ ಕೊಡಬೇಕು. ಬರೀ ಮುದ್ದೆ, ಅನ್ನ ಸಾಲದು. ಮೊಟ್ಟೆ, ಮಾಂಸದಂಥ ಸಾರವುಳ್ಳ ಆಹಾರ ಬೇಕು. ಈರುಳ್ಳಿ, ದ್ರಾಕ್ಷಿ, ಚಾಕೊಲೇಟ್ ನಾಯಿಗೆ ವಿಷ. ಮನುಷ್ಯರ ನೋವಿನ ಮಾತ್ರೆಯನ್ನು ಎಂದೂ ಕೊಡಬಾರದು.

ಗಬ್ಬದ ನಾಯಿಗೆ ಕ್ಯಾಲ್ಸಿಯಂ ಔಷಧ ಕುಡಿಸುವುದು ಒಳ್ಳೆಯದೆಂದು ಹಲವರು ನಂಬಿದ್ದಾರೆ. ವಿಜ್ಞಾನ ಬೇರೆ ಮಾತು ಹೇಳುತ್ತದೆ. ಹೊರಗಿನಿಂದ ಸುಮ್ಮನೆ ಸಿಗುವ ಸುಣ್ಣದಂಶಕ್ಕೆ ಒಗ್ಗಿದ ದೇಹ ತನ್ನ ಎಲುಬಿನಿಂದ ಅದನ್ನು ಬಿಡಿಸಿಕೊಳ್ಳುವ ಗ್ರಂಥಿಯ ಕೆಲಸವನ್ನು ನಿಧಾನ ಮಾಡುತ್ತದೆ. ಮುಂದೆ ಮರಿಗಳು ಹಾಲು ಹೀರುವಾಗ ರಕ್ತದ ಕ್ಯಾಲ್ಸಿಯಂ ಕುಸಿಯುತ್ತದೆ. ಹೆರಿಗೆಯಾದ ಎರಡು ಮೂರು ವಾರಗಳಲ್ಲಿ, ಅದರಲ್ಲೂ ಚಿಕ್ಕ ಜಾತಿಯ ನಾಯಿ ಏದುತ್ತಾ, ಕಾಲು ಸೆಟೆದು ನಡುಗಿದರೆ ಅದು ಈ ತೊಂದರೆಯೇ ಇರಬಹುದು. ತಡಮಾಡದೆ ವೈದ್ಯರ ಬಳಿಗೆ ಹೋಗಬೇಕು.

ಜಂತುಹುಳುವಿನ ವಿಚಾರವೂ ಹೀಗೆಯೇ. ತಾಯಿಯ ಮಾಂಸಖಂಡಗಳಲ್ಲಿ ನಿದ್ರಿಸುವ ಹುಳುವಿನ ಮರಿಗಳು ಗರ್ಭಕಾಲದಲ್ಲಿ ಎಚ್ಚೆತ್ತು, ಮಾಸಿನ ಮೂಲಕ ಮರಿಗಳಿಗೆ ದಾಟುತ್ತವೆ. ಈ ಹುಳು ಮಣ್ಣಿನಲ್ಲಿ ಆಡುವ ಮಕ್ಕಳಿಗೂ ತಗಲುತ್ತದೆ. ಯಾವ ಔಷಧ, ಯಾವ ದಿನ ಎಂಬುದನ್ನು ಪಶುವೈದ್ಯರೇ ಹೇಳಬೇಕು.

ಹೆರಿಗೆಗೆ ಒಂದು ವಾರ ಮೊದಲೇ ಜನ ಓಡಾಡದ, ಮಂದ ಬೆಳಕಿನ ಮೂಲೆಯಲ್ಲಿ ಅಗಲವಾದ ಪೆಟ್ಟಿಗೆಯಿಟ್ಟು ಹಳೆಯ ಸೀರೆ, ಕಾಗದ ಹಾಸಿ. ಹೆರಿಗೆಯ ಹೊತ್ತಿನಲ್ಲಿ ನಾಯಿ ಹಾಸಿಗೆ ಕೆರೆಯುತ್ತದೆ, ಊಟ ಬಿಡುತ್ತದೆ. ಅದನ್ನು ಅದರ ಪಾಡಿಗೆ ಬಿಡಿ. ಮರಿ ಹಿಂಗಾಲು ಮುಂದಾಗಿ ಬಂದರೂ ಗಾಬರಿ ಬೇಡ, ನಾಯಿಗಳಲ್ಲಿ ಅದು ಸಾಮಾನ್ಯ. ಆದರೆ ಅರ್ಧ ಗಂಟೆ ಬಲವಾಗಿ ಮುಕ್ಕಿದರೂ ಮರಿ ಬಾರದಿದ್ದರೆ, ಒಳಗೆ ಮರಿ ಇದ್ದು ಎರಡು ಗಂಟೆ ಕಳೆದರೆ, ಮೊದಲ ಮರಿಗೆ ಮುನ್ನವೇ ಹಸಿರು ಸ್ರಾವ ಕಂಡರೆ ವೈದ್ಯರು ಬೇಕೇ ಬೇಕು.

ಇಲ್ಲಿ ಒಂದು ಎಚ್ಚರಿಕೆ. 1906ರಲ್ಲಿ ಹೆನ್ರಿ ಡೇಲ್ ಮೆದುಳಿನ ಬುಡದ ಗ್ರಂಥಿಯ ಸತ್ವ ಗರ್ಭಕೋಶವನ್ನು ಕುಗ್ಗಿಸುತ್ತದೆಂದು ಕಂಡುಕೊಂಡರು. ಆ ಆಕ್ಸಿಟೋಸಿನ್ ಅನ್ನು ಪ್ರಯೋಗಾಲಯದಲ್ಲಿ ತಯಾರಿಸಿದ ವಿನ್ಸೆಂಟ್ ಡು ವಿನ್ಯೋ ಅವರಿಗೆ 1955ರ ನೊಬೆಲ್ ಬಂತು. ಹಸು ಕಟ್ಟಿದ ಮನೆಯವರಿಗೆ ಇದು ‘ಹಾಲು ಇಳಿಸುವ ಇಂಜೆಕ್ಷನ್’ ಎಂದು ಪರಿಚಯ. ಅದನ್ನೇ ತಂದು ಹೆರುವ ನಾಯಿಗೆ ಚುಚ್ಚಿದರೆ, ದಾರಿಯಲ್ಲಿ ಮರಿ ಅಡ್ಡವಾಗಿದ್ದಾಗ ಗರ್ಭಕೋಶ ಹರಿದು ತಾಯಿಯೂ ಸಾಯಬಹುದು.

ಹುಟ್ಟಿದ ಮರಿಗೆ ಹಾಲಿನಷ್ಟೇ ಮುಖ್ಯ ಬಿಸಿ. ಮೊದಲ ವಾರ ಅದು ತನ್ನ ಮೈಯನ್ನು ತಾನೇ ಬೆಚ್ಚಗೆ ಇಟ್ಟುಕೊಳ್ಳಲಾರದು. ಸುತ್ತಲಿನ ಗಾಳಿ 85ರಿಂದ 90 ಡಿಗ್ರಿ ಫ್ಯಾರನ್‌ಹೀಟ್ ಇರಬೇಕು. ಡಿಸೆಂಬರಿನ ಕೋಲಾರದ ಚಳಿಗೆ ಪೆಟ್ಟಿಗೆಯ ಒಂದು ಬದಿಗೆ ಮಾತ್ರ ಬಲ್ಬಿನ ಬಿಸಿ ತಾಗಿಸಿದರೆ ತಾಯಿ, ಮರಿಗಳು ತಮಗೆ ಬೇಕಾದ ಕಡೆ ಸರಿದುಕೊಳ್ಳುತ್ತವೆ. ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ದೂರ ತಂತಿ ಎಳೆದು 1902ರಲ್ಲೇ ವಿದ್ಯುತ್ ತಂದ ಊರು ಕೆ.ಜಿ.ಎಫ್. ಬೆಂಗಳೂರಿಗೆ ಅದು ಬಂದದ್ದು 1905ರಲ್ಲಿ. ಅಂದು ಗಣಿಯ ಯಂತ್ರಗಳಿಗೆಂದು ಬಂದ ವಿದ್ಯುತ್ತು ಇಂದು ಒಂದು ಪುಟ್ಟ ಮರಿಯನ್ನು ಉಳಿಸಬಲ್ಲದು. ದಿನವೂ ಅಡುಗೆಮನೆಯ ತಕ್ಕಡಿಯಲ್ಲಿ ಮರಿಯ ತೂಕ ನೋಡಿ. ಎಂಟು ಹತ್ತು ದಿನಗಳಲ್ಲಿ ಅದು ಹುಟ್ಟಿದಾಗಿನ ಎರಡರಷ್ಟಾಗಬೇಕು. ತೂಕ ಇಳಿದರೆ ಅದು ಕಾಯಿಲೆಯ ಮೊದಲ ಸುದ್ದಿ.

2001 ಮತ್ತು ಆಮೇಲೆ

2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿತು. ಅಂದಿನಿಂದ ಈ ಊರಿನ ಸಾವಿರಾರು ಜನ ನಸುಕಿನಲ್ಲೇ ಎದ್ದು, ಬಂಗಾರಪೇಟೆಯ ಮೂಲಕ ಬೆಂಗಳೂರಿಗೆ ರೈಲಿನಲ್ಲಿ ಹೋಗಿ ರಾತ್ರಿ ಮರಳುವ ಬದುಕು ನಡೆಸುತ್ತಿದ್ದಾರೆ. ಇಂಥ ಮನೆಯಲ್ಲಿ ನಾಯಿ ಹಗಲು ಹೊತ್ತಿನಲ್ಲಿ ಮರಿ ಹಾಕಿದರೆ ನೋಡುವವರು ಯಾರು? ಹಿರಿಯರೊಬ್ಬರು, ನೆರೆಯವರು, ಇಲ್ಲವೇ ಶಾಲೆಯಿಂದ ಬಂದ ನೀವು. ಆದ್ದರಿಂದಲೇ ಈ ತಿಳಿವಳಿಕೆ ನಿಮ್ಮ ಕೈಯಲ್ಲಿರಬೇಕು.

ಅದೇ 2001ರ ಡಿಸೆಂಬರಿನಲ್ಲಿ ಇನ್ನೊಂದು ಬದಲಾವಣೆ ಆಯಿತು. ಬೀದಿನಾಯಿಗಳನ್ನು ಕೊಲ್ಲುವ ಬದಲು ಸಂತಾನಹರಣ ಶಸ್ತ್ರಚಿಕಿತ್ಸೆ, ರೇಬಿಸ್ ಲಸಿಕೆ ಕೊಡಬೇಕೆಂಬ ಕೇಂದ್ರ ಸರ್ಕಾರದ ನಿಯಮ ಬಂತು. 1964ರಲ್ಲಿ ಸ್ಥಾಪನೆಯಾದ ಮದರಾಸಿನ ಬ್ಲೂ ಕ್ರಾಸ್ ಸಂಸ್ಥೆ ಈ ದಾರಿಯನ್ನು ಬಹಳ ಮೊದಲೇ ಪ್ರತಿಪಾದಿಸಿತ್ತು. 2023ರಲ್ಲಿ ಹೊಸ ನಿಯಮಗಳು ಹಳೆಯವುಗಳ ಸ್ಥಾನಕ್ಕೆ ಬಂದವು. ಎಂಟು ವಾರ ತುಂಬದ ಮರಿಯನ್ನು ಮಾರಬಾರದೆಂದು 2017ರ ನಿಯಮ ಹೇಳುತ್ತದೆ. 2022ರ ಡಿಸೆಂಬರಿನಲ್ಲಿ ಕರ್ನಾಟಕ ಮನುಷ್ಯರ ರೇಬಿಸನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗವೆಂದು ಘೋಷಿಸಿತು. ನಾಯಿಯಿಂದ ಮನುಷ್ಯನಿಗೆ ಬರುವ ರೇಬಿಸನ್ನು 2030ರೊಳಗೆ ಇಲ್ಲವಾಗಿಸಬೇಕೆಂಬುದು ದೇಶದ ಗುರಿ.

ನಿಯಮಗಳು ಎಷ್ಟೇ ಇದ್ದರೂ ಲೆಕ್ಕ ಶುರುವಾಗುವುದು ಮನೆಯಲ್ಲೇ. ಗಂಡು ಮರಿಗಳನ್ನು ಕೇಳಿ ಕೊಂಡೊಯ್ಯುವವರಿದ್ದಾರೆ. ಹೆಣ್ಣು ಮರಿಗಳನ್ನು ಚೀಲದಲ್ಲಿ ಹಾಕಿ ಸಂತೆಯ ಬಳಿ, ರೈಲು ನಿಲ್ದಾಣದ ಆಚೆ ಬಿಟ್ಟು ಬರುವವರೂ ಇದ್ದಾರೆ. ಹಾಗೆ ಬಿಟ್ಟ ಮರಿಗೆ ಲಸಿಕೆ ಇಲ್ಲ. ಬದುಕುಳಿದರೆ ವರ್ಷದೊಳಗೆ ಅದೂ ತಾಯಿ. ಅದರ ಮರಿಗಳೂ ಬೀದಿಯವೇ. ಮರಿಗಳಿಗೆ ಮನೆ ಹುಡುಕಲು ಆಗದವರು ನಾಯಿಗೆ ಸಕಾಲದಲ್ಲಿ ಸಂತಾನಹರಣ ಚಿಕಿತ್ಸೆ ಮಾಡಿಸುವುದೇ ನಿಜವಾದ ದಯೆ.

ನಿಮ್ಮ ಮನೆಯಲ್ಲೋ ಬೀದಿಯಲ್ಲೋ ಒಂದು ಗಬ್ಬದ ನಾಯಿ ಇದ್ದರೆ ಇಂದೇ ಒಂದು ನೋಟುಪುಸ್ತಕ ತೆರೆಯಿರಿ. ದಿನಾಂಕ, ಉಷ್ಣತೆ, ಮರಿಗಳ ತೂಕ, ಆರೆಂಟು ವಾರಕ್ಕೆ ಪಾರ್ವೊ ಮತ್ತು ಡಿಸ್ಟೆಂಪರ್ ಲಸಿಕೆ, ಮೂರು ತಿಂಗಳಿಗೆ ರೇಬಿಸ್ ಲಸಿಕೆ, ಪ್ರತಿ ಮರಿ ಯಾರ ಮನೆಗೆ ಹೋಯಿತು ಎಂಬುದನ್ನು ಬರೆದಿಡಿ. ಯಾರಿಗಾದರೂ ಹಲ್ಲು ತಾಗಿದರೆ ಹದಿನೈದು ನಿಮಿಷ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ತೊಳೆದು ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಸಾವಿರ ವರ್ಷದ ಹಿಂದಿನವರು ಸತ್ತ ನಾಯಿಯ ಹೆಸರನ್ನು ಕಲ್ಲಿನಲ್ಲಿ ಬರೆದರು. ನೀವು ಹುಟ್ಟಿದ ಮರಿಗಳ ಲೆಕ್ಕವನ್ನು ಕಾಗದದಲ್ಲಿ ಬರೆಯಿರಿ. ಮರಿಯ ಹೊಣೆ ಯಾರದೆಂದು ಸರಮೆ ಕೇಳಿದಾಗ ತೋರಿಸಲು ನಿಮ್ಮಲ್ಲಿ ಒಂದು ಪುಟವಾದರೂ ಇರಲಿ.